ಟಿ.ವಿ. ಮುಂದೆ ಕೊಡುವ ತೀರ್ಪು ಅಡುಗೆಮನೆಗೂ ಕೇಳಿಸುತ್ತದೆ

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ. ಅತ್ತೆ, ಮಾವ, ನಾವಿಬ್ಬರು, ಮೈದುನ ಮತ್ತು ನೆಗೆಣ್ಣಿ ಒಂದೇ ಮನೆಯಲ್ಲಿದ್ದೇವೆ. ಹೆಸರಾಂತ ನಟನ ಅಥವಾ ಕ್ರಿಕೆಟಿಗನ ಹೆಂಡತಿ ಹೊಡೆತದ ದೂರು ಕೊಟ್ಟ ಸುದ್ದಿ ಬಂದರೆ ಸಾಕು, ಮನೆಯಲ್ಲಿ ಚರ್ಚೆ ಏಳುತ್ತದೆ. ‘ಅಂಥಾ ದೊಡ್ಡ ಮನುಷ್ಯ ಸುಮ್‌ಸುಮ್ನೆ ಕೈ ಎತ್ತತಾನೇನು’ ಎಂದು ಅತ್ತೆ ಹೇಳಿದರೆ, ‘ರೊಕ್ಕಕ್ಕ ಕೇಸ್ ಹಾಕ್ಯಾಳ, ನಾಳೆ ವಾಪಸ್ ತಗೊಂತಾಳ ನೋಡ್ರಿ’ ಎನ್ನುತ್ತಾನೆ ಮೈದುನ. ನಮ್ಮ ಯಜಮಾನರು ನಕ್ಕು ಸುಮ್ಮನಾಗುತ್ತಾರೆ. ಈಚೆಗೆ ಇಂಥದೇ ಮಾತು ನಡೆದಿದ್ದಾಗ ಒಳಗೆ ನೆಗೆಣ್ಣಿ ರೊಟ್ಟಿ ಬಡಿಯುವ ಸದ್ದು ತಟ್ಟನೆ ನಿಂತಿತು. ಅವಳ ತೋಳಿನ ಮೇಲೆ ಕಂದಿದ ಗುರುತುಗಳನ್ನು ನಾನು ನೋಡಿದ್ದೇನೆ. ಕೇಳಿದರೆ ಬಾಗಿಲು ತಾಗಿತು ಎನ್ನುತ್ತಾಳೆ. ಜನ, ಅದರಲ್ಲೂ ಹೆಂಗಸರೇ, ಯಾಕೆ ಹೀಗೆ ಹೊಡೆದವನ ಪರ ನಿಲ್ಲುತ್ತಾರೆ? ಎಲ್ಲೋ ಇರುವವರ ಬಗ್ಗೆ ನಾವು ಆಡುವ ಮಾತಿಗೂ ನಮ್ಮ ಮನೆಯ ಸ್ಥಿತಿಗೂ ಸಂಬಂಧ ಇದೆಯೇ? ನಾನು ಏನು ಹೇಳಬೇಕು, ಏನು ಮಾಡಬೇಕು?

ಉತ್ತರ: ಸಂಬಂಧ ಇದೆ, ಅದನ್ನು ನೀವು ಸರಿಯಾದ ಜಾಗದಲ್ಲೇ ಗುರುತಿಸಿದ್ದೀರಿ. ಟಿ.ವಿ. ಮುಂದೆ ಕುಳಿತು ಸಿಂಧನೂರಿನಲ್ಲಿ ಆಡಿದ ಮಾತು ಆ ನಟನಿಗಾಗಲಿ, ಅವನ ಹೆಂಡತಿಗಾಗಲಿ ಎಂದೂ ತಲುಪುವುದಿಲ್ಲ. ಅದು ತಲುಪುವುದು ಅದೇ ಮನೆಯಲ್ಲಿ ಅಂಥದೇ ಏಟು ತಿಂದು ಬಾಯಿ ಬಿಡದೆ ಇರುವವಳಿಗೆ. ಯಾರ ಮುಂದೆ ಹೇಳಿಕೊಂಡರೆ ನಂಬುತ್ತಾರೆ, ಯಾರ ಮುಂದೆ ಹೇಳಿದರೆ ತನ್ನ ಮೇಲೇ ತಿರುಗಿಬೀಳುತ್ತಾರೆ ಎಂಬ ಲೆಕ್ಕವನ್ನು ಅವಳು ದಿನವೂ ಹಾಕುತ್ತಿರುತ್ತಾಳೆ, ಮತ್ತು ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳ ಬಗ್ಗೆ ಮನೆಯವರು ಎಗ್ಗಿಲ್ಲದೆ ಆಡುವ ಮಾತೇ ಆ ಲೆಕ್ಕಕ್ಕೆ ಅವಳಿಗೆ ಸಿಗುವ ಅತ್ಯಂತ ನಂಬಿಕೆಯ ಆಧಾರ. ತಾನು ಇನ್ನೂ ಕೊಡದ ದೂರಿನ ತೀರ್ಪನ್ನು ಅವಳು ಮುಂಚಿತವಾಗಿಯೇ ಕೇಳಿಸಿಕೊಂಡಿರುತ್ತಾಳೆ.

ಬಳ್ಳಾರಿಯಲ್ಲಿ ಕುಟುಂಬ ಸಮಾಲೋಚನೆ ಮಾಡುವ ನನ್ನ ಮುಂದೆ ಕುಳಿತ ಒಬ್ಬಾಕೆಯ ವಿಷಯವನ್ನು, ಗುರುತು ಸಿಗದ ಹಾಗೆ ವಿವರ ಬದಲಿಸಿ, ಹೇಳುತ್ತೇನೆ. ಆಕೆ ಜೀನ್ಸ್ ಹೊಲಿಯುವ ಘಟಕವೊಂದರಲ್ಲಿ ಪೀಸ್ ಲೆಕ್ಕದಲ್ಲಿ ದುಡಿಯುವವಳು. ಗಂಡನ ಹೊಡೆತ ತಾಳಲಾರದೆ ತವರಿನ ಅಣ್ಣನಿಗೆ ಹೇಳಿಬಿಡಬೇಕೆಂದು ನಿಶ್ಚಯಿಸಿಕೊಂಡಿದ್ದಳು. ಅದೇ ವಾರ ನಟನೊಬ್ಬನ ಮನೆಯ ಜಗಳ ಸುದ್ದಿಯಾಯಿತು. ಅಣ್ಣ ತನ್ನ ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಆ ನಟನ ಫೋಟೊ ಹಾಕಿ, ‘ಬಾಸ್, ಏನೇ ಆಗಲಿ ನಿಮ್ಮ ಜೊತೆ ನಾವಿದ್ದೇವೆ’ ಎಂದು ಬರೆದುಕೊಂಡ. ಊಟದ ಬಿಡುವಿನಲ್ಲಿ ಮಿಷನ್ ಪಕ್ಕ ಕುಳಿತು ಆಕೆ ಅದನ್ನು ನೋಡಿದಳು, ಅಣ್ಣನಿಗೆ ಫೋನ್ ಮಾಡಲಿಲ್ಲ. ಅಣ್ಣನಿಗೆ ತಂಗಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ; ಮುಂದೆ ಆಕೆಯನ್ನು ನನ್ನ ಬಳಿಗೆ ಕರೆತಂದವನೇ ಅವನು. ಆದರೆ ಆ ನಡುವೆ ಆಕೆ ಮತ್ತೊಂದು ಮಳೆಗಾಲವನ್ನು ಅದೇ ಮನೆಯಲ್ಲಿ ಕಳೆದಿದ್ದಳು.

ಇದು ಅಲ್ಲೊಂದು ಇಲ್ಲೊಂದು ಮನೆಯ ಕಥೆಯಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಿರಲಿಲ್ಲ. 2019–21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ ವಿವಾಹಿತ ಮಹಿಳೆಯರಲ್ಲಿ ಶೇ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ದೇಶದಲ್ಲೇ ಇದು ಅತಿ ಹೆಚ್ಚಿನ ಪ್ರಮಾಣ. 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕಿ ಶೇ 20.6 ಇತ್ತು. ಏರಿಕೆಯಲ್ಲಿ ಹಿಂಸೆಯ ಪಾಲೆಷ್ಟು, ಹೇಳಿಕೊಳ್ಳುವ ಧೈರ್ಯದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಅದೇ ಸಮೀಕ್ಷೆಯ ಇನ್ನೊಂದು ಭಾಗ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರದ್ದು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ಕಡೆಗಣಿಸಿದರೆ, ಎದುರುತ್ತರ ಕೊಟ್ಟರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಅತ್ತೆ ಮಾವನಿಗೆ ಗೌರವ ಕೊಡದಿದ್ದರೆ, ಹೀಗೆ ಏಳು ಕಾರಣಗಳನ್ನು ಮುಂದಿಟ್ಟು ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದಾಗ, ಕರ್ನಾಟಕದಲ್ಲಿ ಸುಮಾರು ಶೇ 77ರಷ್ಟು ಹೆಂಗಸರು ಮತ್ತು ಶೇ 80ಕ್ಕೂ ಹೆಚ್ಚು ಗಂಡಸರು ಯಾವುದಾದರೂ ಒಂದು ಕಾರಣಕ್ಕಾದರೂ ಸರಿ ಎಂದಿದ್ದಾರೆ. ಆದ್ದರಿಂದ ನಿಮ್ಮ ಅತ್ತೆಯನ್ನು ಕಟುಕಿಯೆಂದು ತಿಳಿಯಬೇಡಿ. ಅವರು ರಾಜ್ಯದ ಬಹುಮತದ ಜೊತೆಗಿದ್ದಾರೆ, ಅಷ್ಟೇ. ಹೊಡೆತ ತಿಂದವರ ಕಡೆ ನೋಡಿದರೆ, ಇಡೀ ದೇಶದಲ್ಲಿ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದ ಹೆಂಗಸರ ಪೈಕಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ 14 ಮಾತ್ರ.

ಜನ ತಾರೆಯ ಪರ ನಿಲ್ಲುವುದಕ್ಕೆ ಒಂದು ಕಾರಣ ಎಲ್ಲರಿಗೂ ತಿಳಿದದ್ದೇ: ಅಭಿಮಾನ. ನಮ್ಮ ಬಳ್ಳಾರಿ ಸೀಮೆಯಲ್ಲಿ ಅದು ಎರಡು ಭಾಷೆಗಳಲ್ಲಿ ಉಕ್ಕುತ್ತದೆ; ಕನ್ನಡದ ನಾಯಕನಿಗೂ ತೆಲುಗಿನ ನಾಯಕನಿಗೂ ಒಂದೇ ಚಿತ್ರಮಂದಿರದ ಮುಂದೆ ಕಟೌಟ್ ಏಳುತ್ತದೆ, ಹಾಲಿನ ಅಭಿಷೇಕವಾಗುತ್ತದೆ. ಪರದೆಯ ಮೇಲಿನ ವ್ಯಕ್ತಿಯೊಡನೆ ಪ್ರೇಕ್ಷಕ ಬೆಳೆಸಿಕೊಳ್ಳುವ ಈ ಒಂದು ಕಡೆಯ ನಂಟನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಅಮೆರಿಕದ ವಿದ್ವಾಂಸರು 1956ರಲ್ಲೇ ವಿವರಿಸಿದ್ದರು. ಆ ನಂಟಿನಲ್ಲಿ ನಾಯಕ ಮನೆಮಗನಾಗಿಬಿಡುತ್ತಾನೆ, ಅವನ ಹೆಂಡತಿ ಹೊರಗಿನಿಂದ ಬಂದ ಸೊಸೆಯಾಗಿಯೇ ಉಳಿಯುತ್ತಾಳೆ. ಮನೆಮಗನ ಮೇಲೆ ದೂರು ಬಂದಾಗ ಕುಟುಂಬ ಹೇಗೆ ಒಟ್ಟಾಗುತ್ತದೆಯೋ ಅಭಿಮಾನಿಗಳೂ ಹಾಗೆಯೇ ಒಟ್ಟಾಗುತ್ತಾರೆ.

ಎರಡನೆಯ ಕಾರಣ ಆಳದ್ದು, ನಿಮ್ಮ ಅತ್ತೆಯಂಥವರನ್ನು ಅರ್ಥ ಮಾಡಿಕೊಳ್ಳಲು ಅದು ಬೇಕು. ಮೆಲ್ವಿನ್ ಲರ್ನರ್ ಎಂಬ ಮನೋವಿಜ್ಞಾನಿ 1960ರ ದಶಕದಿಂದ ಮಾಡಿದ ಪ್ರಯೋಗಗಳಲ್ಲಿ ಕಂಡದ್ದು ಇದು: ತಪ್ಪಿಲ್ಲದವರು ಕಷ್ಟ ಪಡುವುದನ್ನು ನೋಡಿ ಏನೂ ಮಾಡಲಾಗದೆ ಉಳಿದ ಜನ, ಕೊನೆಗೆ ಕಷ್ಟ ಪಡುವವರಲ್ಲೇ ದೋಷ ಹುಡುಕತೊಡಗುತ್ತಾರೆ. ಲೋಕದಲ್ಲಿ ನ್ಯಾಯ ಇದೆ, ಸರಿಯಾಗಿ ನಡೆದುಕೊಂಡವರಿಗೆ ಕೆಡುಕಾಗುವುದಿಲ್ಲ ಎಂಬ ನಂಬಿಕೆಯನ್ನು ಉಳಿಸಿಕೊಳ್ಳಲು ಮನಸ್ಸು ಕೊಡುವ ಬೆಲೆ ಅದು. ‘ಆಕಿ ಏನೋ ಮಾಡಿರ್ತಾಳ’ ಎಂದು ಹೆಂಗಸೊಬ್ಬಳು ಹೇಳುವಾಗ, ನಾನು ಅಂಥದ್ದೇನೂ ಮಾಡುವುದಿಲ್ಲವಾದ್ದರಿಂದ ನನಗೆ ಹಾಗಾಗದು ಎಂಬ ಸಮಾಧಾನವೂ ಅದರೊಳಗಿರುತ್ತದೆ. ವಯಸ್ಸಾದವರಲ್ಲಿ ಇದು ಇನ್ನೂ ತೊಡಕಿನದು. ಹೊಡೆತ ತಿಂದು ಸಂಸಾರ ಮಾಡಿ, ಅದನ್ನೇ ತಾಳ್ಮೆಯೆಂದು ಹೊಗಳಿಸಿಕೊಂಡು ಮುಪ್ಪಾದ ಹೆಂಗಸಿಗೆ ಇಂದಿನ ಸೊಸೆಯ ದೂರು ನ್ಯಾಯವೆನಿಸಿದರೆ ತನ್ನ ಇಡೀ ಬದುಕಿನ ಲೆಕ್ಕವನ್ನು ಮತ್ತೆ ಬಿಚ್ಚಬೇಕಾಗುತ್ತದೆ. ಎಲ್ಲ ಅತ್ತೆಯರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಆದರೆ ಸಮಾಲೋಚನೆಗೆ ಸೊಸೆಯ ಜೊತೆ ಬಂದು ಮೊದಲು ಸೊಸೆಯನ್ನೇ ದೂರಿದ ಎಷ್ಟೋ ಹಿರಿಯರು, ಒಂಟಿಯಾಗಿ ಮಾತಾಡಿಸಿದಾಗ ತಮ್ಮ ಮೈಮೇಲಿನ ಹಳೆಯ ಕಲೆಯನ್ನು ತೋರಿಸಿದ್ದಾರೆ.

ಈಗ ನಮ್ಮದೇ ನಾಡಿನ, ಎಲ್ಲರಿಗೂ ನೆನಪಿರುವ ಪ್ರಸಂಗಕ್ಕೆ ಬರೋಣ. 2011ರ ಸೆಪ್ಟೆಂಬರ್‌ನಲ್ಲಿ ನಟ ದರ್ಶನ್ ಅವರನ್ನು ಪತ್ನಿಯ ಮೇಲಿನ ಹಲ್ಲೆಯ ದೂರಿನ ಮೇಲೆ ಬೆಂಗಳೂರಿನಲ್ಲಿ ಬಂಧಿಸಲಾಯಿತು. ಪತ್ನಿ ಕೆಲವೇ ದಿನಗಳಲ್ಲಿ ದೂರಿನಿಂದ ಹಿಂದೆ ಸರಿದರು, ಚಿತ್ರರಂಗದ ಹಿರಿಯರು ಮಧ್ಯಸ್ಥಿಕೆಗೆ ನಿಂತರು, ನಟ ಜಾಮೀನಿನ ಮೇಲೆ ಹೊರಬಂದರು. ಅವರು ಸೆರೆಮನೆಯಲ್ಲಿದ್ದಾಗಲೇ ತೆರೆ ಕಂಡ ಅವರ ಚಿತ್ರ ಭರ್ಜರಿಯಾಗಿ ಓಡಿತು. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಆ ಗದ್ದಲದಲ್ಲಿ ನಿರ್ಮಾಪಕರ ಸಂಘ ಮೂರು ವರ್ಷಗಳ ನಿಷೇಧ ಹೇರಿದ್ದು ಒಬ್ಬ ನಟಿಯ ಮೇಲೆ! ಸಂಸಾರ ಕೆಡಲು ಆಕೆಯೇ ಕಾರಣ ಎಂಬುದು ಅದರ ಹಿಂದಿನ ತರ್ಕ. ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಸಂಘ ನಿಷೇಧವನ್ನು ಹಿಂತೆಗೆದುಕೊಂಡಿತು. ಹೊಡೆದ ದೂರು ಒಬ್ಬರ ಮೇಲೆ, ಹೊಡೆತದ ದೂರು ಕೊಟ್ಟವರು ಇನ್ನೊಬ್ಬರು, ಮೊದಲ ಶಿಕ್ಷೆ ಮಾತ್ರ ಮೂರನೆಯವಳಾದ ಹೆಂಗಸಿಗೆ. ನಮ್ಮ ಹಳ್ಳಿಯ ಪಂಚಾಯ್ತಿ ಕಟ್ಟೆಗಳಲ್ಲಿ ನಡೆಯುವ ಎಷ್ಟೋ ನ್ಯಾಯಗಳ ರೀತಿಯೂ ಇದೇ.

2024ರ ಆಗಸ್ಟ್ ಕೊನೆಯಲ್ಲಿ ಅದೇ ನಟನನ್ನು ಕೊಲೆ ಪ್ರಕರಣವೊಂದರ ಆರೋಪಿಯಾಗಿ ಪರಪ್ಪನ ಅಗ್ರಹಾರದಿಂದ ನಮ್ಮ ಬಳ್ಳಾರಿಯ ಕೇಂದ್ರ ಕಾರಾಗೃಹಕ್ಕೆ ಕಳುಹಿಸಿದಾಗ ಜೈಲಿನ ಮುಂದೆ ಅಭಿಮಾನಿಗಳು ನೆರೆದರು. ಆ ಪ್ರಕರಣ ಬೇರೆಯೇ ಆದದ್ದು, ನ್ಯಾಯಾಲಯ ತೀರ್ಮಾನಿಸಬೇಕಾದದ್ದು. ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಇಲ್ಲಿ ನೆನೆಯಲು ಕಾರಣವೆಂದರೆ, ಆ ದಿನಗಳಲ್ಲಿ ಊರಿನ ಮಿರ್ಚಿ ಅಂಗಡಿಗಳಲ್ಲಿ 2011ರ ಮಾತು ಮತ್ತೆ ಎದ್ದಿತು, ಮತ್ತು ಎದ್ದಾಗಲೆಲ್ಲ ‘ಆಕಿನೇ ವಾಪಸ್ ತಗೊಂಡ್ಳಲ್ಲ’ ಎಂಬ ಒಂದೇ ಮಾತಿಗೆ ಬಂದು ನಿಂತಿತು. ನಿಮ್ಮ ಮೈದುನ ಹೇಳುವುದೂ ಅದನ್ನೇ. ಆದ್ದರಿಂದ ದೂರು ವಾಪಸ್ ಪಡೆಯುವುದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

ಯಾವುದೇ ಒಬ್ಬರ ಪ್ರಕರಣದ ಒಳಗುಟ್ಟು ನನಗಾಗಲಿ ನಿಮಗಾಗಲಿ ತಿಳಿಯದು. ಆದರೆ ದೂರು ವಾಪಸಾಯಿತು ಎಂಬ ಒಂದೇ ಸಂಗತಿಯಿಂದ ದೂರು ಸುಳ್ಳಾಗಿತ್ತು ಎಂದು ತೀರ್ಮಾನಿಸಲು ಬರುವುದಿಲ್ಲ ಎಂದು ಈ ಕೆಲಸದಲ್ಲಿರುವ ಯಾರಾದರೂ ನಿಮಗೆ ಖಚಿತವಾಗಿ ಹೇಳಬಲ್ಲರು. ಹೆಣ್ಣುಮಗಳು ದೂರು ಕೊಟ್ಟ ದಿನದಿಂದಲೇ ಅವಳ ಮೇಲೆ ಒತ್ತಡ ಶುರುವಾಗುತ್ತದೆ. ಗಂಡ ಒಳಗೆ ಹೋದರೆ ಬಡ್ಡಿ ಕಟ್ಟುವವರು ಯಾರು, ಮಕ್ಕಳ ಶಾಲೆಯ ಫೀಸಿಗೆ ಏನು ಗತಿ, ತಂಗಿಯ ಮದುವೆಗೆ ಯಾರು ಹೆಣ್ಣು ಕೇಳಿಕೊಂಡು ಬರುತ್ತಾರೆ ಎಂಬ ಪ್ರಶ್ನೆಗಳು ಎರಡೂ ಕಡೆಯಿಂದ ಅವಳ ಮೇಲೇ ಬೀಳುತ್ತವೆ. ಮಾವ ನಾಲ್ಕು ಜನ ಹಿರಿಯರನ್ನು ಕರೆತರುತ್ತಾನೆ. ಅವರು ಗಂಡನಿಗೆ ‘ಇನ್ಮ್ಯಾಲೆ ಹಂಗ ಮಾಡಬ್ಯಾಡಪ್ಪ’ ಎಂದು, ಅವಳಿಗೆ ‘ನೀನೂ ಸ್ವಲ್ಪ ತಗ್ಗಿ ನಡಿಯವ್ವ’ ಎಂದು ಹೇಳಿ, ಎರಡನ್ನೂ ಸಮ ತೂಗಿದೆವೆಂಬ ತೃಪ್ತಿಯಲ್ಲಿ ಚಹಾ ಕುಡಿದು ಎದ್ದು ಹೋಗುತ್ತಾರೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆಯನ್ನು ಒಬ್ಬರಾದರೂ ಹೇಳದೆ ಹೋಗುವುದಿಲ್ಲ, ಕೈ ಮುರಿದ ಪ್ರಕರಣದಲ್ಲೂ. ಇಷ್ಟಾದ ಮೇಲೆ ಅವಳು ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದು ಬರೆದುಕೊಟ್ಟರೆ ಅದು ಅವಳ ಆಯ್ಕೆ ಎಂದು ಊರು ನಂಬುತ್ತದೆ. ನಂಬಿ, ಮುಂದಿನ ಹೆಣ್ಣುಮಗಳು ದೂರು ಕೊಟ್ಟಾಗ ಇವಳನ್ನೇ ಉದಾಹರಣೆಯಾಗಿ ಎತ್ತಿ ತೋರಿಸುತ್ತದೆ.

ಕಾನೂನು ಇದನ್ನು ಮುಂಚೆಯೇ ಊಹಿಸಿತ್ತೆನಿಸುತ್ತದೆ. ಗಂಡ ಅಥವಾ ಅವನ ಸಂಬಂಧಿಕರು ಮಾಡುವ ಕ್ರೌರ್ಯವನ್ನು ಅಪರಾಧವೆಂದು ಹೇಳುವ, ಭಾರತೀಯ ದಂಡ ಸಂಹಿತೆಯ ಕಲಂ 498ಎ 1983ರಲ್ಲಿ ಬಂದಿತು; 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಂಗಳಲ್ಲಿದೆ. ದೂರುದಾರಳು ಬೇಡವೆಂದ ಮಾತ್ರಕ್ಕೆ ಠಾಣೆಯಲ್ಲೇ ಮುಗಿಯುವ ಪ್ರಕರಣ ಇದಲ್ಲ. ರಾಜಿಯಾದರೂ ರದ್ದು ಮಾಡಿಸಿಕೊಳ್ಳಲು ಹೈಕೋರ್ಟಿಗೆ ಹೋಗಬೇಕಾಗುತ್ತದೆ.

ಹೊರದೇಶದ ಪ್ರಸಂಗಗಳೂ ಇದೇ ಮಾತನ್ನು ಹೇಳುತ್ತವೆ. 2014ರ ಫೆಬ್ರುವರಿಯಲ್ಲಿ ಅಮೆರಿಕದ ಫುಟ್‌ಬಾಲ್ ಆಟಗಾರ ರೇ ರೈಸ್ ತಾನು ಮದುವೆಯಾಗಲಿದ್ದ ಹುಡುಗಿಯನ್ನು ಲಿಫ್ಟಿನಲ್ಲಿ ಹೊಡೆದು ಪ್ರಜ್ಞೆ ತಪ್ಪಿಸಿದ. ಪ್ರಜ್ಞೆಯಿಲ್ಲದ ಅವಳನ್ನು ಲಿಫ್ಟಿನಿಂದ ಹೊರಗೆಳೆಯುವ ದೃಶ್ಯ ಆಗಲೇ ಜಗಜ್ಜಾಹೀರಾಗಿತ್ತು. ಮುಂದಿನ ತಿಂಗಳು ಇಬ್ಬರೂ ಮದುವೆಯಾದರು, ಮೇ ತಿಂಗಳಲ್ಲಿ ಗಂಡನ ಪಕ್ಕ ಕುಳಿತು ಆ ರಾತ್ರಿ ತನ್ನದೂ ಪಾತ್ರವಿತ್ತೆಂದು ಅವಳೇ ವಿಷಾದ ಹೇಳಿದಳು. ಆಟದ ಸಂಸ್ಥೆ ಎರಡು ಪಂದ್ಯಗಳ ಅಮಾನತಿಗೆ ಮುಗಿಸಿತು. ಸೆಪ್ಟೆಂಬರ್‌ನಲ್ಲಿ ಲಿಫ್ಟಿನ ಒಳಗಿನ ವಿಡಿಯೊ, ಅಂದರೆ ಏಟು ಬೀಳುವ ಕ್ಷಣವೇ, ಹೊರಬಂದ ದಿನ ತಂಡ ಅವನನ್ನು ಕೈಬಿಟ್ಟಿತು. ಫೆಬ್ರುವರಿಗೂ ಸೆಪ್ಟೆಂಬರ್‌ಗೂ ನಡುವೆ ಸತ್ಯ ಬದಲಾಗಿರಲಿಲ್ಲ. ಕಣ್ಣಾರೆ ಕಂಡ ಹೊರತು ನಂಬೆವೆಂಬ ಹಟ ಮುರಿದಿತ್ತು. ನಮ್ಮ ಮನೆಗಳಲ್ಲಿ ಕ್ಯಾಮೆರಾ ಇರುವುದಿಲ್ಲ. ಆ ವಿಡಿಯೊ ಹೊರಬಂದ ವಾರ ಅಮೆರಿಕದ ರಾಷ್ಟ್ರೀಯ ಸಹಾಯವಾಣಿಗೆ ಬರುವ ಕರೆಗಳು ಶೇ 84ರಷ್ಟು ಏರಿದವು ಎಂಬುದನ್ನೂ ಸೇರಿಸಬೇಕು. ಜನ ಒಮ್ಮೆ ಹೊಡೆತಕ್ಕೆ ಹೊಡೆತವೆಂದು ಹೆಸರಿಟ್ಟರೆ ಮೌನವಾಗಿದ್ದವರು ಫೋನ್ ಎತ್ತಿಕೊಳ್ಳುತ್ತಾರೆ.

ಅದಕ್ಕೆ ಐದು ವರ್ಷ ಹಿಂದೆ, 2009ರಲ್ಲಿ, ಗಾಯಕಿ ರಿಯಾನಾಳನ್ನು ಗೆಳೆಯ ಕ್ರಿಸ್ ಬ್ರೌನ್ ಥಳಿಸಿದಾಗ ಅವಳ ಊದಿಕೊಂಡ ಮುಖದ ಚಿತ್ರ ಲೋಕವೆಲ್ಲ ಹರಡಿತು, ಮುಂದೆ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ. ಅವನು ತಪ್ಪೊಪ್ಪಿಕೊಳ್ಳುವ ಮುನ್ನ, ಹಲ್ಲೆಯ ಸುದ್ದಿ ಇನ್ನೂ ಬಿಸಿಯಾಗಿದ್ದಾಗಲೇ, ಬೋಸ್ಟನ್ ನಗರದ ಆರೋಗ್ಯ ಇಲಾಖೆ ಸುಮಾರು 200 ಹದಿಹರೆಯದವರನ್ನು ಕೇಳಿದಾಗ ಶೇ 46ರಷ್ಟು ಮಕ್ಕಳು ಆದದ್ದಕ್ಕೆ ಅವಳೇ ಹೊಣೆ ಎಂದಿದ್ದರು. ನೀವು ಪಾಠ ಹೇಳುವ ಮಕ್ಕಳ ವಯಸ್ಸೂ ಹೆಚ್ಚು ಕಡಿಮೆ ಅದೇ. ತರಗತಿಯಲ್ಲಿ ಒಮ್ಮೆ ಇಂಥ ಪ್ರಶ್ನೆ ಕೇಳಿ ನೋಡಿದರೆ ಉತ್ತರ ನಿಮಗೆ ಅಚ್ಚರಿ ತರಲಾರದು.

ಇಷ್ಟು ಹೇಳಿದ ಮೇಲೆ ನಿಮ್ಮ ಮನೆಯವರು ಹಾಲಿವುಡ್ ನಟ ಜಾನಿ ಡೆಪ್ ಹೆಸರು ಎತ್ತಬಹುದು, ಎತ್ತಿದರೆ ತಪ್ಪಿಲ್ಲ. 2022ರ ಜೂನ್ 1ರಂದು ವರ್ಜೀನಿಯಾದ ಜ್ಯೂರಿ ಮಾನನಷ್ಟ ಮೊಕದ್ದಮೆಯಲ್ಲಿ ಬಹುಮಟ್ಟಿಗೆ ನಟನ ಪರವಾಗಿ, ಮಾಜಿ ಪತ್ನಿ ಆ್ಯಂಬರ್ ಹರ್ಡ್ ವಿರುದ್ಧವಾಗಿ ತೀರ್ಪು ಕೊಟ್ಟಿತು. 2020ರಲ್ಲಿ ಲಂಡನ್ನಿನ ನ್ಯಾಯಾಧೀಶರು, ಅದೇ ನಟ ಪತ್ರಿಕೆಯೊಂದರ ಮೇಲೆ ಹೂಡಿದ ಮೊಕದ್ದಮೆಯಲ್ಲಿ, ಹಲ್ಲೆಯ 14 ಆರೋಪಗಳ ಪೈಕಿ 12 ರುಜುವಾತಾಗಿವೆ ಎಂದಿದ್ದರು. ಪ್ರತಿವಾದಿಗಳು ಬೇರೆ, ದೇಶ ಬೇರೆ, ತೀರ್ಪು ಕೊಟ್ಟವರು ಬೇರೆ. ಎರಡೂ ತೀರ್ಪುಗಳಿವೆ ಎಂಬುದನ್ನು ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಆ ಪ್ರಕರಣದ ಬಗ್ಗೆ ಮಾತಾಡುವವರನ್ನು ನಾನು ಹೆಚ್ಚು ನಂಬುವುದಿಲ್ಲ. ಗಂಡಸರೂ ಹೊಡೆತ ತಿನ್ನುತ್ತಾರೆ, ನಾಚಿಕೆಯಿಂದ ಮುಚ್ಚಿಡುತ್ತಾರೆ. ಅಂಥವರೂ ನನ್ನ ಬಳಿ ಬಂದಿದ್ದಾರೆ. ನನ್ನ ತಕರಾರು ತೀರ್ಪಿನ ಮೇಲಲ್ಲ, ಆ ವಾರಗಳಲ್ಲಿ ನಡೆದ ಗೇಲಿಯ ಮೇಲೆ. ಸಾಕ್ಷಿ ಕಟ್ಟೆಯಲ್ಲಿ ಅತ್ತ ಹೆಂಗಸಿನ ಮುಖವನ್ನು ಅಣಕಿಸುವ ರೀಲ್ಸ್ ಕೋಟಿಗಟ್ಟಲೆ ಜನರ ಫೋನಿಗೆ ಬಂದವು. ಅವಳು ಸತ್ಯವನ್ನೇ ಹೇಳಿರಲಿ, ಸುಳ್ಳನ್ನೇ ಹೇಳಿರಲಿ, ಅದನ್ನು ನೋಡಿದ ಹೊಡೆತ ತಿಂದ ಹುಡುಗಿಗೆ ಕಲಿಕೆಯಾದದ್ದು ಒಂದೇ: ಹೇಳುವಾಗ ಅತ್ತರೆ ನಾಟಕ ಎನ್ನುತ್ತಾರೆ, ಅಳದಿದ್ದರೆ ಕಲ್ಲುಮನಸ್ಸು ಎನ್ನುತ್ತಾರೆ. ಆರೋಪ ಬಂದಾಗ ಅದನ್ನು ನಿರಾಕರಿಸಿ, ಆರೋಪಿಸಿದವರ ನಡತೆಯ ಮೇಲೆ ಹರಿಹಾಯ್ದು, ಕೊನೆಗೆ ನಾನೇ ನೊಂದವನು ಎಂದು ಪಾತ್ರ ಅದಲುಬದಲು ಮಾಡುವ ವರಸೆಯನ್ನು ಜೆನಿಫರ್ ಫ್ರೈಡ್ ಎಂಬ ಮನೋವಿಜ್ಞಾನಿ 1997ರಲ್ಲಿ ವಿವರಿಸಿದ್ದರು. ಹೊಡೆಯುವ ಗಂಡ ಇದನ್ನು ಓದಿ ಕಲಿಯಬೇಕಿಲ್ಲ, ಸುದ್ದಿ ವಾಹಿನಿ ನೋಡಿದರೆ ಸಾಕು.

ಸುಳ್ಳು ದೂರು ಇಲ್ಲವೇ ಎಂದರೆ, ಇವೆ. ಬಂಧನವೇ ಶಿಕ್ಷೆಯಾಗಬಾರದೆಂದು ಸುಪ್ರೀಂ ಕೋರ್ಟ್ 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಪೊಲೀಸರಿಗೆ ಕಟ್ಟುಪಾಡು ಹಾಕಿದೆ. ಯಾರನ್ನಾದರೂ ಅಪರಾಧಿಯೆಂದು ಸಾರುವ ಅಗತ್ಯ ನಿಮಗೂ ಇಲ್ಲ, ನನಗೂ ಇಲ್ಲ. ಹೊಡೆದನೋ ಇಲ್ಲವೋ ಎಂದು ಸಾಕ್ಷ್ಯ ನೋಡಿ ಹೇಳುವುದು ನ್ಯಾಯಾಲಯದ ಕೆಲಸ. ಹೇಳಿಕೊಂಡವಳನ್ನು ಕೂರಿಸಿ ಕೇಳಿಸಿಕೊಳ್ಳುವುದು, ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಮನೆಯವರ ಕೆಲಸ. ಎರಡನೆಯದನ್ನು ಮಾಡಲು ಮೊದಲನೆಯದು ಮುಗಿಯುವ ತನಕ ಕಾಯಬೇಕಿಲ್ಲ.

ಹಾಗಾದರೆ ಮನೆಯಲ್ಲಿ ಏನು ಹೇಳಬೇಕು? ಮೊದಲಿಗೆ ಒಂದು ಎಚ್ಚರಿಕೆ, ಏಕೆಂದರೆ ಹೊಡೆಯುತ್ತಿರುವನೆಂದು ನೀವು ಶಂಕಿಸುತ್ತಿರುವ ಮೈದುನ ಅದೇ ಕೋಣೆಯಲ್ಲಿ ಕುಳಿತಿರುತ್ತಾನೆ. ಆ ಹೊತ್ತಿನಲ್ಲಿ ಅಡುಗೆಮನೆಯ ಕಡೆ ತಿರುಗಿ ನೋಡಬೇಡಿ, ‘ನಮ್ಮ ಮನ್ಯಾಗೂ’ ಎಂದು ಚುಚ್ಚಿ ಮಾತಾಡಬೇಡಿ. ಹೆಂಡತಿ ನಿಮ್ಮ ಮುಂದೆ ಬಾಯಿ ಬಿಟ್ಟಿದ್ದಾಳೆ ಎಂಬ ಅನುಮಾನ ಅವನಿಗೆ ಬಂದರೆ ಅದರ ಫಲ ಆ ರಾತ್ರಿ ಅವಳ ಮೈಮೇಲೆ ಬೀಳುತ್ತದೆ. ಮಾತು ಟಿ.ವಿ.ಯ ಪ್ರಕರಣದ ಬಗ್ಗೆಯೇ ಇರಲಿ, ಭಾಷಣವಾಗದಿರಲಿ. ‘ಅತ್ತಿ, ಆಕಿ ಏನೇ ಮಾಡಿರಲಿ, ಹೊಡಿಯೋದು ತಪ್ಪು’ ಎಂದು ಎಂದಿನ ದನಿಯಲ್ಲಿ ಒಮ್ಮೆ ಹೇಳಿ ಬೇರೆ ಮಾತಿಗೆ ಹೋಗಿ. ವಾದ ಗೆಲ್ಲುವುದು ನಿಮ್ಮ ಗುರಿಯಲ್ಲ, ಆ ಮನೆಯಲ್ಲಿ ಬೇರೆ ಅಭಿಪ್ರಾಯದವರು ಒಬ್ಬರಿದ್ದಾರೆ ಎಂಬುದು ಒಳಗೆ ಕೇಳಿಸಿದರೆ ಸಾಕು. ಯಜಮಾನರೊಡನೆ ಮಾತ್ರ ಒಂಟಿಯಾಗಿ, ನೇರವಾಗಿ ಮಾತಾಡಿ. ಅವರು ಕೆಟ್ಟ ಮಾತು ಆಡಿಲ್ಲ, ನಿಜ. ಆದರೆ ತಮ್ಮನ ಮಾತಿಗೆ ಅಣ್ಣ ನಕ್ಕರೆ ಅದನ್ನು ಒಪ್ಪಿಗೆ ಎಂದೇ ತಮ್ಮ ತಿಳಿಯುತ್ತಾನೆ. ನನ್ನ ಅನುಭವದಲ್ಲಿ ಕೂಡು ಕುಟುಂಬದ ಹೊಡೆತಕ್ಕೆ ಕಡಿವಾಣ ಬಿದ್ದ ಮನೆಗಳಲ್ಲೆಲ್ಲ ಗಂಡಸರ ಪೈಕಿ ಒಬ್ಬ ನಗುವುದನ್ನು ನಿಲ್ಲಿಸಿದ್ದ.

ನೆಗೆಣ್ಣಿಯ ಜೊತೆ ಮಾತಾಡಲು ಅವಳೊಬ್ಬಳೇ ಸಿಗುವ ಹೊತ್ತು ನೋಡಿ. ಬಟ್ಟೆ ಒಗೆಯುವಾಗಲೋ, ಸಂತೆಗೆ ಹೋಗುವಾಗಲೋ. ಬಾಗಿಲು ತಾಗಿತು ಎಂದವಳನ್ನು ಸುಳ್ಳಿಯೆನ್ನುವ ಹಾಗೆ ಪಾಟೀಸವಾಲು ಮಾಡಬೇಡಿ. ‘ಯಾಕ ಸಹಿಸ್ಕೊಂತಿ’ ಎಂದು ಕೇಳಲೇಬೇಡಿ, ಅದು ಅವಳ ಕಿವಿಗೆ ಬೈಗುಳದ ಹಾಗೆ ಬೀಳುತ್ತದೆ. ‘ಆವತ್ತು ಟಿ.ವಿ. ಮುಂದ ಆಡಿದ ಮಾತು ನನಗೆ ಸರಿ ಕಾಣಲಿಲ್ಲ, ನಿನಗ ಯಾವಾಗಾದ್ರೂ ಏನಾದ್ರೂ ಹೇಳಬೇಕನಿಸಿದ್ರ ನನ್ನ ಮುಂದ ಹೇಳು, ನಿನ್ನನ್ನ ಕೇಳದ ಯಾರಿಗೂ ಹೇಳಂಗಿಲ್ಲ’ ಎಂದಷ್ಟೇ ಹೇಳಿ. ಅವತ್ತೇ ಉತ್ತರ ಬರದಿರಬಹುದು. ಬಂದಾಗ ಕೆಲವು ವಿಷಯಗಳನ್ನು ಕಿವಿಗೊಟ್ಟು ಕೇಳಿಸಿಕೊಳ್ಳಿ: ಕುತ್ತಿಗೆ ಹಿಚುಕಿದ್ದಾನೆಯೇ, ಕೊಲ್ಲುತ್ತೇನೆಂದು ಹೆದರಿಸಿದ್ದಾನೆಯೇ, ಬಸುರಿಯಿದ್ದಾಗ ಹೊಡೆದಿದ್ದಾನೆಯೇ, ಹೊಡೆತ ದಿನೇ ದಿನೇ ಹೆಚ್ಚುತ್ತಿದೆಯೇ. ಕುತ್ತಿಗೆಗೆ ಕೈ ಹಾಕಿದವನನ್ನು ಎಂದೂ ಹಗುರವಾಗಿ ತೆಗೆದುಕೊಳ್ಳಬಾರದು; ಹೊರಗೆ ಗುರುತು ಕಾಣದಿದ್ದರೂ ಒಳಗೆ ಪೆಟ್ಟಾಗಿರಬಹುದು, ಮತ್ತು ಅಂಥ ಮನೆಗಳಲ್ಲೇ ಮುಂದೆ ಪ್ರಾಣ ಹೋಗುವ ಸಂಭವ ಹೆಚ್ಚು. ಬಿಟ್ಟು ಹೋಗುತ್ತೇನೆಂದು ಅವಳು ಹೇಳಿದ ಆಸುಪಾಸಿನ ದಿನಗಳೂ ಅಪಾಯದವು, ಆದ್ದರಿಂದ ಹೊರಡುವ ಮಾತನ್ನು ಮೊದಲೇ ಅವನ ಮುಂದೆ ಆಡುವುದು ಬೇಡ.

ಗಾಯದ ಫೋಟೊ ತೆಗೆದರೆ ಅದು ನಿಮ್ಮ ಫೋನಿನಲ್ಲಿರಲಿ, ಅವಳದರಲ್ಲಿ ಬೇಡ. ಆಸ್ಪತ್ರೆಗೆ ಹೋದರೆ ವೈದ್ಯರಿಗೆ ನಿಜವಾದ ಕಾರಣ ಹೇಳಿ ಬರೆಸಬೇಕು. ‘ಬಿದ್ದದ್ದು’ ಎಂದು ಚೀಟಿಯಲ್ಲಿ ದಾಖಲಾದರೆ ಮುಂದೆ ಅದನ್ನು ಅಳಿಸುವುದು ಕಷ್ಟ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಜನನ ಪ್ರಮಾಣಪತ್ರದ ನಕಲುಗಳು ನಿಮ್ಮ ಕಾಲೇಜಿನ ಬೀರುವಿನಲ್ಲಿದ್ದರೆ ಒಳ್ಳೆಯದು. ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವಿಗೆ 15100. ಕಾನೂನು ನೆರವು ಪಡೆಯಲು ಹೆಂಗಸರಿಗೆ ಆದಾಯದ ಮಿತಿ ಇಲ್ಲ.

‘ಕೇಸ್ ಹಾಕಿದ್ರ ಒಳಗ ಹಾಕ್ತಾರ’ ಎಂಬ ಭಯದಿಂದಲೇ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳು ಬಾಯಿ ಬಿಡುವುದಿಲ್ಲ. 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿರುವ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ದಾರಿ ಬೇರೆ. ಅದರಲ್ಲಿ ಮೊದಲ ಹೆಜ್ಜೆ ಬಂಧನವಲ್ಲ, ಮ್ಯಾಜಿಸ್ಟ್ರೇಟರ ಆದೇಶ: ಹೊಡೆಯಬಾರದು, ಮನೆಯಿಂದ ಹೊರಹಾಕಬಾರದು, ಖರ್ಚಿಗೆ ಇಷ್ಟು ಕೊಡಬೇಕು ಎಂದು. ಆದೇಶ ಮೀರಿದರೆ ಆಗ ಒಂದು ವರ್ಷದವರೆಗೆ ಸೆರೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಬೈಗುಳ, ಅವಮಾನ, ದುಡಿದ ಹಣ ಕಿತ್ತುಕೊಳ್ಳುವುದು ಕೂಡ ಈ ಕಾಯ್ದೆಯಲ್ಲಿ ದೌರ್ಜನ್ಯವೇ. ಮನೆ ಮಾವನ ಹೆಸರಿನಲ್ಲಿದೆ, ಆದ್ದರಿಂದ ಸೊಸೆಗೆ ಹಕ್ಕಿಲ್ಲ ಎಂದು ಯಾರಾದರೂ ಹೆದರಿಸಿದರೆ, ಸಂಸಾರ ಮಾಡಿಕೊಂಡಿದ್ದ ಅಂಥ ಮನೆಯಲ್ಲೂ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ.

ಈ ಕಾಯ್ದೆಯಡಿ ದೂರು ಪಡೆದು ನೆರವಾಗುವ ಸಂರಕ್ಷಣಾಧಿಕಾರಿಯಾಗಿ ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಕೆಲಸ ಮಾಡುವವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಗಳ ಮೇಲ್ವಿಚಾರಣೆ ನೋಡುವ ಕಚೇರಿಯವರು. ಅಂಗನವಾಡಿಯ ಕೆಲಸವೆಂದು ಹೇಳಿ ಆ ಕಚೇರಿಗೆ ಹೋಗಿಬಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನೀವೊಬ್ಬರೇ ಮೊದಲು ಹೋಗಿ ವಿಚಾರಿಸಬಹುದು. ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಮಾಹಿತಿ ಕೊಡಬಹುದು, ಸದುದ್ದೇಶದಿಂದ ಕೊಟ್ಟವರ ಮೇಲೆ ಯಾವ ಮೊಕದ್ದಮೆಯೂ ನಿಲ್ಲುವುದಿಲ್ಲ ಎಂದು ಕಾಯ್ದೆಯ 4ನೇ ಕಲಂ ಹೇಳುತ್ತದೆ. ಪ್ರಾಣಾಪಾಯ ಕಾಣದಿದ್ದರೆ ಮಾತ್ರ, ಅವಳ ಹೆಸರು ಕೊಡುವ ಮುನ್ನ ಅವಳನ್ನು ಕೇಳಿ.